ಡಬ್ಬ ಸತ್ತಿಲ್ಲ ಗೆಳೆಯ, ವಿಳಾಸ ತಪ್ಪಿದೆ!

ಗೆಳೆಯರೇ, ಎಸ್.ಪಿ. ರಸ್ತೆಗೆ ಹೋಗಿದ್ದೀರಾ? ಹೋಗಿಯೇ ಇರುತ್ತೀರಿ. ಬೆಂಗಳೂರಲ್ಲಿ ಹುಟ್ಟಿದವನಾಗಲಿ, ಹೊಟ್ಟೆಪಾಡಿಗೆ ಬಂದವನಾಗಲಿ, ಕಂಪ್ಯೂಟರ್ ಮುಟ್ಟಿದವನು ಒಮ್ಮೆಯಾದರೂ ಆ ಗಲ್ಲಿಗಳಲ್ಲಿ ಬೆವರು ಒರೆಸಿಕೊಂಡಿರುತ್ತಾನೆ. ಅಲ್ಲಿಂದ ನಾನೊಂದು ಸೆಕೆಂಡ್ ಹ್ಯಾಂಡ್ ಡಬ್ಬ ತಂದೆ. ಎರಡು ಹಾರ್ಡ್ ಡಿಸ್ಕ್ ಹಿಡಿಯುವ ಕರಿ ಡಬ್ಬ. ಮನೆಯ ಹಾಡು, ಸಿನಿಮಾ, ಫೋಟೊ ಎಲ್ಲ ಅದರಲ್ಲಿ ತುಂಬಿಟ್ಟರೆ ಟಿವಿಯಲ್ಲೂ ಮೊಬೈಲಿನಲ್ಲೂ ನೋಡಬಹುದು. ಮೀಡಿಯಾ ಸರ್ವರ್ ಅಂತಾರೆ. ಹೊಸದನ್ನು ಕೊಳ್ಳುವ ತಾಕತ್ತು ನನ್ನ ಜೇಬಿಗಿರಲಿಲ್ಲ.

ಇದ್ಯಾಕೆ ಬೇಕಿತ್ತು ಅಂತೀರಾ? ನಮ್ಮಪ್ಪ ಊರಲ್ಲಿ ರಾತ್ರಿಯಿಡೀ ಕೂತು ರೆಕಾರ್ಡ್ ಮಾಡಿದ ತಾಳಮದ್ದಳೆಯ 40 ಕ್ಯಾಸೆಟ್‌ಗಳಿವೆ. ಕೆಲವಕ್ಕೆ ಆಗಲೇ ಬೂಷ್ಟು ಹಿಡಿದಿತ್ತು. ಒಂದೊಂದನ್ನೇ ಒರೆಸಿ, ಓಡಿಸಿ, ಕಂಪ್ಯೂಟರಿಗೆ ಇಳಿಸಲು ಆರು ತಿಂಗಳು ಹಿಡಿಯಿತು. ಎಲ್ಲ ಇದ್ದದ್ದು ಒಂದು ಮುದಿ ಲ್ಯಾಪ್‌ಟಾಪಿನಲ್ಲಿ. ಅದು ಪ್ರಾಣ ಬಿಡುವ ಮೊದಲು ಇನ್ನೊಂದು ಜಾಗ ಬೇಕಿತ್ತು.

ತಂದೆ, ರೂಟರಿಗೆ ಚುಚ್ಚಿದೆ. ದೀಪ ಹತ್ತಿತು, ಫ್ಯಾನ್ ಗುಯ್ಯೆಂದಿತು. ಆದರೆ ಲ್ಯಾಪ್‌ಟಾಪಿಗೆ ಕಾಣಿಸಲಿಲ್ಲ, ಟಿವಿಗೂ ಕಾಣಿಸಲಿಲ್ಲ. ಮಾರನೇ ದಿನ ಹೊತ್ತುಕೊಂಡು ಹೋದರೆ ಅಂಗಡಿಯವ ಮುಟ್ಟಿಯೂ ನೋಡಲಿಲ್ಲ. "ಬೋರ್ಡ್ ಹೋಗಿದೆ ಸಾರ್. ಬೇಕಾದ್ರೆ ಅರ್ಧ ರೇಟಿಗೆ ವಾಪಸ್ ತಗೋತೀನಿ." ನಿನ್ನೆ ಸಂಜೆ ಚೆನ್ನಾಗಿದ್ದ ಬೋರ್ಡು ಒಂದು ರಾತ್ರಿಯಲ್ಲಿ ಹೋಯಿತಂತೆ! ಡಬ್ಬ ಎತ್ತಿಕೊಂಡು ಮನೆಗೆ ಬಂದೆ.

ಬೋರ್ಡು ಹೋಗಿರಲಿಲ್ಲ ಸ್ವಾಮಿ. ಅದನ್ನು ತಿಳಿಯಲು ಇಂಜಿನಿಯರ್ ಆಗಬೇಕಾಗಿಯೂ ಇಲ್ಲ. ಕೇಬಲ್ ಚುಚ್ಚುವ ತೂತಿನ ಪಕ್ಕ ಪುಟ್ಟ ದೀಪ ಇರುತ್ತದಲ್ಲ, ಮೊದಲು ಅದನ್ನು ನೋಡಿ. ಹತ್ತಿ ಮಿನುಗುತ್ತಿದ್ದರೆ ಡಬ್ಬ ಬದುಕಿದೆ, ಮಾತಾಡಲು ಒದ್ದಾಡುತ್ತಿದೆ. ಹತ್ತದಿದ್ದರೆ ಕೇಬಲ್ ಬದಲಿಸಿ, ರೂಟರಿನ ಬೇರೆ ತೂತಿಗೆ ಹಾಕಿ, ಅಡಾಪ್ಟರ್ ಇದೇ ಡಬ್ಬದ್ದು ಹೌದೋ ಅಲ್ಲವೋ ಅಂತ ವೋಲ್ಟು ಆಂಪ್ಸು ಓದಿ. ಇಷ್ಟೆಲ್ಲ ಮಾಡಿಯೂ ಕತ್ತಲೆಯಾಗಿದ್ದರೆ ಅಂಗಡಿಯವನ ಮಾತು ನಿಜವಿರಬಹುದು. ನನ್ನದು ಮಿನುಗುತ್ತಿತ್ತು.

ಆಗ ಡಬ್ಬವನ್ನು ನೇರ ಲ್ಯಾಪ್‌ಟಾಪಿಗೆ ಕೇಬಲ್ ಹಾಕಿ ಜೋಡಿಸಿದೆ. ವೈರ್‌ಶಾರ್ಕ್ ಅಂತ ಒಂದು ಪುಕ್ಕಟೆ ತಂತ್ರಾಂಶ ಇದೆ. ತಂತಿಯಲ್ಲಿ ಓಡಾಡುವ ಮಾತುಗಳನ್ನೆಲ್ಲ ತೋರಿಸುತ್ತದೆ. ಅದನ್ನು ತೆರೆದಿಟ್ಟು ಡಬ್ಬದ ಸ್ವಿಚ್ ಒತ್ತಿದೆ. ಎರಡೇ ನಿಮಿಷ! ಡಬ್ಬ ಕೂಗತೊಡಗಿತು: 192.168.0.1 ಯಾರು? ನಾನು 192.168.0.50, ನನಗೆ ಹೇಳಿ! ಮತ್ತೆ ಮತ್ತೆ ಅದೇ ಕೂಗು. ಹಳೆಯ ಒಡೆಯ ಅದಕ್ಕೆ ಖಾಯಂ ವಿಳಾಸ ಬರೆದಿಟ್ಟಿದ್ದ. ಅವನ ಮನೆಯ ರೂಟರ್ 192.168.0 ಸಾಲಿನದು, ನಮ್ಮದು 192.168.1 ಸಾಲಿನದು. ಜಯನಗರದ ವಿಳಾಸ ಇಟ್ಟುಕೊಂಡು ರಾಜಾಜಿನಗರದಲ್ಲಿ ಪೋಸ್ಟ್‌ಮ್ಯಾನಿಗೆ ಕಾದರೆ ಕಾಗದ ಬರುತ್ತದೆಯೇ? ಮಾರಿಹೋದ ಮೇಲೂ ಅದು ಹಳೇ ಮನೆಯನ್ನೇ ಕರೆಯುತ್ತಿತ್ತು. ನಿಜ ಹೇಳುತ್ತೇನೆ, ಪಾಪ ಅನ್ನಿಸಿತು.

ಲ್ಯಾಪ್‌ಟಾಪಿಗೆ ತಾತ್ಕಾಲಿಕವಾಗಿ 192.168.0.60 ಎಂಬ ವಿಳಾಸ ಕೊಟ್ಟು, ಸಬ್‌ನೆಟ್ ಮಾಸ್ಕ್ ಜಾಗದಲ್ಲಿ 255.255.255.0 ಬರೆದು, ಬ್ರೌಸರಿನಲ್ಲಿ 192.168.0.50 ಒತ್ತಿದೆ. ಡಬ್ಬದ ಪುಟ ತೆರೆಯಿತು. ಪಾಸ್‌ವರ್ಡ್ ಕೇಳಿತು. ಅದು ಹಳೆಯ ಒಡೆಯನಿಗೇ ಗೊತ್ತು! ಅದಕ್ಕೂ ದಾರಿ ಇದೆ. ಇಂಥ ಡಬ್ಬಗಳ ಬೆನ್ನಲ್ಲಿ ಪಿನ್ ಹೋಗುವಷ್ಟು ತೂತು ಇರುತ್ತದೆ. ಉದಾಹರಣೆಗೆ ಸಿನಾಲಜಿ ಡಬ್ಬಗಳಲ್ಲಿ ಸುಮಾರು 4 ಸೆಕೆಂಡ್ ಒತ್ತಿ, ಒಂದು ಬೀಪ್ ಕೇಳಿದೊಡನೆ ಬಿಟ್ಟರೆ ಪಾಸ್‌ವರ್ಡೂ ನೆಟ್‌ವರ್ಕ್ ವಿಳಾಸವೂ ಮೊದಲಿನ ಸ್ಥಿತಿಗೆ ಬರುತ್ತವೆ, ಒಳಗಿನ ಫೈಲುಗಳು ಉಳಿಯುತ್ತವೆ. ಎಚ್ಚರ! ಎಲ್ಲ ಕಂಪನಿಯ ಲೆಕ್ಕವೂ ಒಂದೇ ಅಲ್ಲ. ಕೆಲವದರಲ್ಲಿ ಜಾಸ್ತಿ ಹೊತ್ತು ಒತ್ತಿದರೆ ಎಲ್ಲ ಅಳಿಸಿಹೋಗುತ್ತದೆ. ಡಬ್ಬದ ಮಾಡೆಲ್ ನಂಬರ್ ಹಿಡಿದು ಅದರ ಕೈಪಿಡಿ ಓದಿಯೇ ಪಿನ್ ಹಿಡಿಯಿರಿ.

ನಿಮ್ಮ ಮನೆಯಲ್ಲಿ ರೋಗ ಬೇರೆಯೇ ಇರಬಹುದು. ಫೈಬರ್ ಕಂಪನಿ ಕೊಟ್ಟ ರೂಟರ್ ಒಂದು, ವೈಫೈ ಸಾಲದು ಅಂತ ನೀವೇ ತಂದು ಅದರ ಹಿಂದೆ ಹಾಕಿದ ರೂಟರ್ ಇನ್ನೊಂದು. ಡಬ್ಬ ಇದಕ್ಕೆ, ಟಿವಿ ಅದಕ್ಕೆ. ಒಂದೇ ಮನೆಯಲ್ಲಿ ಎರಡು ಸಂಸಾರ, ನಡುವೆ ಗೋಡೆ! ಎರಡನೆಯ ರೂಟರನ್ನು ಆಕ್ಸೆಸ್ ಪಾಯಿಂಟ್ ಮೋಡಿಗೆ ಹಾಕಿ, ಗೋಡೆ ಬೀಳುತ್ತದೆ. ಟಿವಿಯೋ ಮೊಬೈಲೋ ಗೆಸ್ಟ್ ವೈಫೈಗೆ ಸೇರಿದ್ದರೂ ಇದೇ ಕತೆ. ಇನ್ನು 169.254 ಅಂತ ಶುರುವಾಗುವ ವಿಳಾಸ ಕಂಡರೆ, ವಿಳಾಸ ಕೊಡುವವರು ಯಾರೂ ಸಿಗದೆ ಅದೇ ಒಂದನ್ನು ಇಟ್ಟುಕೊಂಡಿದೆ ಅಂತ ಅರ್ಥ. ಆಗ ರೂಟರನ್ನು ವಿಚಾರಿಸಿ.

ಪುಟ ತೆರೆಯುತ್ತದೆ, ಆದರೆ ವಿಂಡೋಸ್‌ನಲ್ಲಿ ಫೋಲ್ಡರ್ ಮಾತ್ರ ತೆರೆಯುವುದಿಲ್ಲ ಅನ್ನುವವರಿಗೆ ಒಂದು ಮಾತು. ಹಳೆಯ ಡಬ್ಬಗಳು ಎಸ್‌ಎಂಬಿ 1 ಎಂಬ ಹಳೆಯ ಭಾಷೆಯಲ್ಲಿ ಮಾತಾಡುತ್ತವೆ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಪಿಡುಗು ಜಗತ್ತಿನ ಕಂಪ್ಯೂಟರುಗಳಿಗೆ ಬೀಗ ಜಡಿದು ದುಡ್ಡು ಕೇಳಿತಲ್ಲ, ಅದು ನುಗ್ಗಿದ್ದು ಇದೇ ಕಿಂಡಿಯಿಂದ. ಅದೇ ವರ್ಷದ ಕೊನೆಗೆ ಬಂದ ವಿಂಡೋಸ್ 10ರ ಆವೃತ್ತಿಯಿಂದ ಮೈಕ್ರೋಸಾಫ್ಟ್ ಎಸ್‌ಎಂಬಿ 1ನ್ನು ಕೈಬಿಡತೊಡಗಿತು. "ಅದನ್ನು ಆನ್ ಮಾಡ್ಕೋ ಗುರು, ಎಲ್ಲ ಸರಿಯಾಗುತ್ತೆ" ಅನ್ನುವ ಗೆಳೆಯ ನಿಮಗೂ ಇರುತ್ತಾನೆ. ಮಾಡಬೇಡಿ! ಡಬ್ಬಕ್ಕೆ ಹೊಸ ಅಪ್‌ಡೇಟ್ ಇದ್ದರೆ ಹಾಕಿ, ಎಸ್‌ಎಂಬಿ 2 ಆರಿಸಿ. ಇಲ್ಲದಿದ್ದರೆ ಡಿಎಲ್‌ಎನ್‌ಎ ಮೂಲಕ ಟಿವಿಗೆ ಹಾಡು, ಸಿನಿಮಾ ಕೊಡುವ ಕೆಲಸಕ್ಕಷ್ಟೇ ಇಟ್ಟುಕೊಳ್ಳಿ. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯಂತೂ ಇನ್ನೂ ಬಿಗಿ. ಹೆಸರು ಪಾಸ್‌ವರ್ಡ್ ಇಲ್ಲದ ಅತಿಥಿಯನ್ನು ನಂಬುವುದಿಲ್ಲ. ಡಬ್ಬದಲ್ಲಿ ನಿಮ್ಮ ಹೆಸರಿನದೇ ಒಂದು ಖಾತೆ ಮಾಡಿಕೊಳ್ಳಿ.

ಈಗ ನನ್ನ ಸಿಟ್ಟಿನ ವಿಷಯಕ್ಕೆ ಬರುತ್ತೇನೆ. ವಿಳಾಸ ತಪ್ಪಿದ್ದನ್ನು ನಾವು ತಿದ್ದಬಹುದು. ಆದರೆ ಕಂಪನಿಯೇ ಕೈಬಿಟ್ಟದ್ದನ್ನು? 2007ರಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ ಹೋಮ್ ಸರ್ವರ್ ತಂದಿತು, ಎಚ್‌ಪಿ ಅದನ್ನು ಹಾಕಿ ಮೀಡಿಯಾಸ್ಮಾರ್ಟ್ ಸರ್ವರ್ ಮಾರಿತು. ಮನೆಮನೆಗೂ ಸರ್ವರ್ ಅಂತ ಆರ್ಭಟ! 2010ರಲ್ಲಿ ಎಚ್‌ಪಿ ಕೈ ತೊಳೆದುಕೊಂಡಿತು. 2013ರ ಜನವರಿಯಲ್ಲಿ ಆ ಮೊದಲ ಆವೃತ್ತಿಗೆ ಮೈಕ್ರೋಸಾಫ್ಟ್ ಬೆಂಬಲವೂ ಮುಗಿಯಿತು. ಆ ಡಬ್ಬದ ಬೆನ್ನಲ್ಲಿ ಮಾನಿಟರ್ ಚುಚ್ಚುವ ತೂತು ಕೂಡ ಇರಲಿಲ್ಲ. ನೆಟ್‌ವರ್ಕ್ ಸಿಗದಿದ್ದರೆ ಒಳಗೇನಾಗಿದೆ ಅಂತ ಇಣುಕಲಿಕ್ಕೂ ಆಗದು.

ಇದಕ್ಕಿಂತ ಘೋರ ವೆಸ್ಟರ್ನ್ ಡಿಜಿಟಲ್‌ನ ಮೈ ಬುಕ್ ಲೈವ್ ಕತೆ. 2015ರ ನಂತರ ಅದಕ್ಕೆ ಅಪ್‌ಡೇಟೇ ಬರಲಿಲ್ಲ. 2021ರ ಜೂನ್‌ನಲ್ಲಿ ಬೆಳಿಗ್ಗೆ ಎದ್ದು ನೋಡಿದರೆ ಎಷ್ಟೋ ಜನರ ಡಬ್ಬ ಖಾಲಿ. ಇಂಟರ್‌ನೆಟ್ಟಿನಿಂದ ಯಾರೋ ನುಗ್ಗಿ, ಫ್ಯಾಕ್ಟರಿ ರೀಸೆಟ್ ಮಾಡಿ ವರ್ಷಗಳ ಫೋಟೊ ಒರೆಸಿಹಾಕಿದ್ದರು. ಇಂಟರ್‌ನೆಟ್ ತಪ್ಪಿಸಿ ಅಂತ ಕಂಪನಿ ಹೇಳಿದ್ದು ಆಮೇಲೆ. ಅದೇ ಕಂಪನಿಯ ಹಳೆಯ ಮೈ ಕ್ಲೌಡ್‌ಗಳಲ್ಲಿ ಹೊಸ ಓಎಸ್ 5ಕ್ಕೆ ಏರಲಾಗದವಕ್ಕೆ 2022ರ ಏಪ್ರಿಲ್‌ನಲ್ಲಿ ದೂರದಿಂದ ನೋಡುವ ಸೌಲಭ್ಯ ಕಡಿದುಹೋಯಿತು. ಮನೆಯೊಳಗಷ್ಟೇ ಬಳಕೆ. ನಾನು ಹೇಳುವುದು ಇಷ್ಟೇ: ಕಂಪನಿಯ ಅಪ್ಪಣೆ ಇಲ್ಲದೆ, ಇಂಟರ್‌ನೆಟ್ ಕಿತ್ತರೂ ಮನೆಯೊಳಗೆ ತೆರೆಯುವ ಡಬ್ಬ ಮಾತ್ರ ನಿಮ್ಮದು. ಕಂಪನಿಯ ಆ್ಯಪ್‌ಗೆ ಲಾಗಿನ್ ಆಗದೆ ಬಾಗಿಲೇ ತೆರೆಯದ್ದನ್ನು ಪುಕ್ಕಟೆ ಕೊಟ್ಟರೂ ತರಬೇಡಿ.

ಆದ್ದರಿಂದ ಅಂಗಡಿಯಲ್ಲೇ ಹಠ ಹಿಡಿಯಿರಿ. ಅವನ ರೂಟರಿಗೇ ಚುಚ್ಚಿಸಿ, ಬ್ರೌಸರಿನಲ್ಲಿ ಪುಟ ತೋರಿಸು ಅನ್ನಿ. ತೋರಿಸದಿದ್ದರೆ ಪಕ್ಕದ ಅಂಗಡಿ ಇದೆ. "ಡಿಸ್ಕ್ ಕ್ಲೀನಾಗಿ ಫಾರ್ಮ್ಯಾಟ್ ಮಾಡಿದೀನಿ" ಅಂದರೆ ಖುಷಿಪಡಬೇಡಿ. ಒಂದೇ ಡಿಸ್ಕಿನ ಮೈ ಬುಕ್ ಲೈವ್, ಹಳೆಯ ಮೈ ಕ್ಲೌಡ್‌ಗಳಲ್ಲಿ ಡಬ್ಬವನ್ನು ನಡೆಸುವ ವ್ಯವಸ್ಥೆ ಇರುವುದೇ ಆ ಡಿಸ್ಕಿನಲ್ಲಿ. ಡಿಸ್ಕನ್ನು ಹೊರತೆಗೆದು ಕ್ಲೀನ್ ಮಾಡಿದರೆ ಡಬ್ಬದ ಬುದ್ಧಿಯೂ ಕ್ಲೀನ್! ಆಮೇಲೆ ಅದು ನೆಟ್‌ವರ್ಕಿನಲ್ಲಿ ಹೇಗೆ ಕಂಡೀತು?

ನನ್ನ ಡಬ್ಬವನ್ನು ಮಾತ್ರ ಯಾರೂ ಕ್ಲೀನ್ ಮಾಡಿರಲಿಲ್ಲ. ಪಿನ್ ಒತ್ತಿ ಒಳಗೆ ಹೋದರೆ ಹಳೆಯ ಒಡೆಯನ ಮದುವೆ ಫೋಟೊ, ಮಗುವಿನ ನಾಮಕರಣ, ಬ್ಯಾಂಕಿನ ಕಾಗದ, ಪಾನ್ ಕಾರ್ಡು! ಪಾಸ್‌ವರ್ಡ್ ಇದೆಯಲ್ಲ ಅಂತ ನೆಮ್ಮದಿಯಾಗಿ ಮಾರಿರಬೇಕು ಪುಣ್ಯಾತ್ಮ. ಪಾಸ್‌ವರ್ಡ್ ತೆಗೆಯಲು ಒಂದು ಪಿನ್ ಸಾಕು ಅಂತ ಅವನಿಗೆ ಯಾರು ಹೇಳಬೇಕು? ವಾಪಸ್ ಕೊಡೋಣವೆಂದು ಅಂಗಡಿಯವನಿಗೆ ಫೋನ್ ಮಾಡಿದೆ. ಯಾರು ಮಾರಿದ್ದೋ ಗೊತ್ತಿಲ್ಲ ಅಂದ. ಒಂದು ವಾರ ಕಾದು ಎಲ್ಲವನ್ನೂ ಅಳಿಸಿದೆ. ಆಮೇಲೆ ಅಪ್ಪನ ಕ್ಯಾಸೆಟ್‌ಗಳನ್ನು ಹಾಕಿ, ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿಗೆ ಇಳಿಸಿ ಊರಿಗೆ ಕಳಿಸಿದೆ. ಡಬ್ಬ ನಾಳೆ ನಿಜವಾಗಿಯೂ ಸಾಯಬಹುದು, ಅದಕ್ಕೂ ವಯಸ್ಸಾಗಿದೆ.