ಮನವಿ ಪತ್ರ: ಮರದ ಅಂಗಡಿಗಳಲ್ಲಿ ಮರದ ಮೂಲ ಬಹಿರಂಗಪಡಿಸುವ ಬಗ್ಗೆ

ಇವರಿಗೆ,
ಉಪ ಅರಣ್ಯ ಸಂರಕ್ಷಣಾಧಿಕಾರಿಗಳು,
ಚಿತ್ರದುರ್ಗ ವಿಭಾಗ, ಚಿತ್ರದುರ್ಗ.
(ವಲಯ ಅರಣ್ಯಾಧಿಕಾರಿಗಳ ಮೂಲಕ)

ಇವರಿಂದ,
ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ರೈತರು, ಕುರಿಗಾಹಿಗಳು, ಬಡಗಿಗಳು ಹಾಗೂ ಮನೆ ಕಟ್ಟಿಸುತ್ತಿರುವವರು.
(ಸಹಿಗಳು ಹಿಂಬದಿಯಲ್ಲಿವೆ)

ವಿಷಯ: ಟಿಂಬರ್ ಡಿಪೋ ಹಾಗೂ ಸಾಮಿಲ್‌ಗಳು ತಾವು ಮಾರುವ ಮರ ಯಾವುದು, ಎಲ್ಲಿಂದ ಬಂದದ್ದು ಎಂಬುದನ್ನು ಫಲಕದಲ್ಲೂ ಬಿಲ್ಲಿನಲ್ಲೂ ಬರೆಯುವಂತೆ ಆದೇಶಿಸುವ ಕುರಿತು.

ಮಾನ್ಯರೇ,

ನಮ್ಮಲ್ಲೊಬ್ಬರು ಈ ಬೇಸಿಗೆಯಲ್ಲಿ ತಲೆಬಾಗಿಲಿಗೆಂದು ಚೌಕಟ್ಟಿನ ಮರ ಕೊಂಡರು. ಅಂಗಡಿಯವರು ಹೇಳಿದ್ದು ‘ಮಲೇಷ್ಯಾ ಮರ’. ಬಿಲ್ಲಿನಲ್ಲಿದ್ದದ್ದು ‘ಮರ’ ಎಂಬ ಎರಡಕ್ಷರ, ಸಿಎಫ್‌ಟಿ ಲೆಕ್ಕ ಮತ್ತು ಮೊತ್ತ. ಮನೆಗೆ ತಂದು ನೋಡಿದರೆ ತೊಲೆಯ ಒಂದು ತುದಿಯನ್ನು ಬಾಚಿಯಿಂದ ಅಂಗೈಯಗಲ ಕೆತ್ತಿ ತೆಗೆದಿದ್ದರು. ಅಲ್ಲಿ ಅರಣ್ಯ ಇಲಾಖೆಯ ಸುತ್ತಿಗೆ ಮುದ್ರೆ ಇತ್ತೋ ಇಲ್ಲವೋ ದೇವರಿಗೇ ಗೊತ್ತು. ಬಡಗಿ ಕೀಸುಳಿ ಹಾಕಿದಾಗ ಬಂದ ಸಿಪ್ಪೆಯನ್ನು ಮೂಸಿ ನೋಡಿದರು, ಒಂದು ಹಿಡಿಯನ್ನು ಲೋಟದ ನೀರಿಗೆ ಹಾಕಿದರು. ಸ್ವಲ್ಪ ಹೊತ್ತಿಗೆ ನೀರು ಜೇನಿನ ಬಣ್ಣಕ್ಕೆ ತಿರುಗಿತು. ಬಿಸಿಲಿಗೆ ಹಿಡಿದರೆ ಅಂಚಿನಲ್ಲಿ ನವಿಲುಗರಿಯ ಹಾಗೆ ನೀಲಿ ಹೊಳಪು. ಸಕ್ಕರೆ ಕಾಯಿಲೆಗೆಂದು ಹೊನ್ನೆ ಲೋಟದಲ್ಲಿ ನೀರು ಕುಡಿಯುವವರಿಗೆ ಈ ಬಣ್ಣದ ಪರಿಚಯ ಚೆನ್ನಾಗಿದೆ.

ಹೊನ್ನೆ ಮಾರಿದ್ದೇ ಅಪರಾಧವೆಂದು ನಾವು ಹೇಳುತ್ತಿಲ್ಲ. ಅದು ಯಾರೋ ರೈತರು ಪಾಸು ಪಡೆದು ತಮ್ಮ ಜಮೀನಿನಲ್ಲಿ ಕಡಿಸಿದ ಮರವೂ ಇರಬಹುದು. ಹಾಗಿದ್ದರೆ ಅದರ ಹೆಸರು ಮರೆಸಿ ಮಲೇಷ್ಯಾದ ಹೆಸರು ಕಟ್ಟುವ ಅಗತ್ಯವೇನಿತ್ತು ಎಂಬುದಷ್ಟೇ ನಮ್ಮ ಪ್ರಶ್ನೆ.

ಇದು ಒಂದು ಅಂಗಡಿಯ ಮಾತಲ್ಲ. ‘ಬರ್ಮಾ ಟೀಕ್’ ಎಂಬ ಬೋರ್ಡು ಯಾವ ಊರಿನಲ್ಲಿಲ್ಲ? ಬರ್ಮಾ ದೇಶ 2014ರ ಏಪ್ರಿಲ್ 1ರಿಂದಲೇ ದಿಮ್ಮಿ ರಫ್ತು ನಿಲ್ಲಿಸಿದೆ. ಹಾಗಾದರೆ ಈಗ ಬರುತ್ತಿರುವುದು ಕೊಯ್ದ ಹಲಗೆಯೋ, ಕಳ್ಳದಾರಿಯ ದಿಮ್ಮಿಯೋ, ಆಫ್ರಿಕಾದ ತೋಪಿನ ತೇಗವೋ? ಕೊಳ್ಳುವವರಿಗೆ ತಿಳಿಯುವ ದಾರಿಯೇ ಇಲ್ಲ. ಬೀಟೆ ಮತ್ತು ಅದರ ಕುಲದ ಮರಗಳೆಲ್ಲ 2017ರ ಜನವರಿಯಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿವೆ. ರಕ್ತಚಂದನ ಸಹಜವಾಗಿ ಬೆಳೆಯುವುದು ನಮ್ಮ ಗಡಿಯಾಚೆಯ ರಾಯಲಸೀಮೆಯ ಬೆಟ್ಟಗಳಲ್ಲಿ; ಅದರ ಕಳ್ಳಸಾಗಣೆಯ ಪಾಡು ತಮಗೆ ನಾವು ವಿವರಿಸಬೇಕಿಲ್ಲ. ಇತ್ತ ಬಳ್ಳಾರಿ, ಅತ್ತ ಹಿರಿಯೂರು, ಮಗ್ಗುಲಲ್ಲೇ ರಾಯದುರ್ಗ, ಪಾವಗಡ. ನಾಲ್ಕು ದಿಕ್ಕಿನ ಲಾರಿ ಹಾಯುವ ಊರು ನಮ್ಮದು.

ಬಯಲುಸೀಮೆಯವರಿಗೆ ಮಲೆನಾಡಿನ ಕಾಡಿನ ಉಸಾಬರಿ ಏಕೆ ಎಂದು ಕಚೇರಿಯಲ್ಲೇ ಒಬ್ಬರು ಕೇಳಿದ್ದುಂಟು. ಪರಶುರಾಂಪುರದ ಕಡೆ ಹರಿಯುವ ವೇದಾವತಿ ಹುಟ್ಟುವುದು ಬಾಬಾಬುಡನ್‌ಗಿರಿಯ ಕಾಡಿನಲ್ಲಿ. ಅದಕ್ಕೆ ಅಡ್ಡ ಕಟ್ಟಿದ ವಾಣಿವಿಲಾಸ ಸಾಗರ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆ ದಿನ ನೀರು ನೋಡಲು ಹೋದವರಲ್ಲಿ ನಮ್ಮ ಅಜ್ಜಿಯರೂ ಇದ್ದರು. ಆ ಕಾಡಿಗೂ ನಮಗೂ ಇರುವ ನಂಟು ಇದು.

ಗೊತ್ತಾಗುವುದು ತಡವಾದರೆ ಏನಾಗುತ್ತದೆಂದು ನಮಗೆ ಅನುಭವವಿದೆ. ನಮ್ಮ ಕುರಿ ಮೇಯುತ್ತಿದ್ದ ಅಮೃತಮಹಲ್ ಕಾವಲಿನ ಸುಮಾರು 10,000 ಎಕರೆಯನ್ನು ಸಂಶೋಧನಾ ಸಂಸ್ಥೆಗಳಿಗೆ ಬಿಟ್ಟುಕೊಟ್ಟದ್ದು ಬಹುಪಾಲು ಜನರಿಗೆ ತಿಳಿದದ್ದು ಗೋಡೆ ಎದ್ದ ಮೇಲೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯಲ್ಲಿ ವಿಚಾರಣೆ ನಡೆಯುವ ಹೊತ್ತಿಗೆ ಕುರಿ ಸಾಗುವ ದಾರಿಗಳು ಮುಚ್ಚಿದ್ದವು. ಅದಕ್ಕೇ ಮರ ಅಂಗಡಿಯಲ್ಲಿ ನಿಂತಿರುವಾಗಲೇ ಕೇಳುತ್ತಿದ್ದೇವೆ, ಬಾಗಿಲಾದ ಮೇಲಲ್ಲ.

ಕೊಳ್ಳುವವರು ಕೇಳಿದರೆ ಅಂಗಡಿಗಳು ಬದಲಾಗುತ್ತವೆ. ಅಮೆರಿಕದಲ್ಲಿ ಮನೆ ಕಟ್ಟುವ ಸಾಮಾನಿನ ದೊಡ್ಡ ವ್ಯಾಪಾರಿ ಹೋಮ್ ಡಿಪೋ, ತನ್ನ ಅಂಗಡಿಗಳ ಮುಂದೆ ಜನ ಪ್ರತಿಭಟಿಸಿದ ಮೇಲೆ, 2002ರ ಕೊನೆಯೊಳಗೆ ಅಳಿವಿನಂಚಿನ ಕಾಡುಗಳ ಮರ ಮಾರುವುದನ್ನು ನಿಲ್ಲಿಸುವುದಾಗಿ 1999ರಲ್ಲಿ ಘೋಷಿಸಿತು. ನಮ್ಮಲ್ಲಿ ಶಿರಸಿಯ ಸಾಲ್ಕಣಿಯವರು 1983ರಲ್ಲಿ ಮರ ಅಪ್ಪಿ ನಿಂತರು. ನಾವು ಅಪ್ಪಿಕೊಳ್ಳೋಣವೆಂದರೆ ಇಲ್ಲಿರುವುದು ಬಹುತೇಕ ಬಳ್ಳಾರಿ ಜಾಲಿ, ಮುಳ್ಳಿನ ಮರ! ಆದ್ದರಿಂದ ಅಂಗಡಿಯ ಬಾಗಿಲಿಗೆ ಬಂದಿದ್ದೇವೆ.

ನಮ್ಮ ಮುಖ್ಯ ಬೇಡಿಕೆ ಒಂದೇ. ಪ್ರತಿ ಟಿಂಬರ್ ಡಿಪೋ ಮತ್ತು ಸಾಮಿಲ್ ಮುಂದೆ ಕನ್ನಡದಲ್ಲಿ ಫಲಕ ಹಾಕಿಸಬೇಕು. ಮರದ ಜಾತಿ, ಅದು ಸರ್ಕಾರಿ ನಾಟಾ ಸಂಗ್ರಹಾಲಯದ ಹರಾಜಿನದೋ, ರೈತರ ಜಮೀನಿನದೋ, ಆಮದಿನದೋ ಎಂಬ ವಿವರ, ಆಮದಾದರೆ ಯಾವ ದೇಶ, ಯಾವ ಬಂದರು, ಪಾಸಿನ ಸಂಖ್ಯೆ, ಇವಿಷ್ಟೂ ಅಲ್ಲಿರಬೇಕು. ಅದನ್ನೇ ಬಿಲ್ಲಿನಲ್ಲೂ ಬರೆಯಬೇಕು. 1963ರ ಕರ್ನಾಟಕ ಅರಣ್ಯ ಕಾಯ್ದೆ ಮತ್ತು 1969ರ ನಿಯಮಗಳ ಪ್ರಕಾರ ಸಾಗಣೆಗೆ ಪಾಸು ಹೇಗೂ ಬೇಕು. ಲಾರಿಯಲ್ಲಿ ಬರುವ ಕಾಗದ ಗೋಡೆಯ ಮೇಲೂ ಇರಲಿ ಎನ್ನುತ್ತಿದ್ದೇವೆ, ಹೊಸದೇನೂ ಕೇಳುತ್ತಿಲ್ಲ.

ಶಾಲೆಯ ಬೆಂಚು, ವಸತಿ ಯೋಜನೆಯ ಬಾಗಿಲು, ಮುಜರಾಯಿ ದೇವಸ್ಥಾನಗಳ ತೇರಿನ ದುರಸ್ತಿಗೆ ಕೊಳ್ಳುವ ಮರಕ್ಕೆ ಈ ವಿವರ ಮೊದಲು ಕಡ್ಡಾಯವಾಗಲಿ. ಸರ್ಕಾರವೇ ಕೇಳದಿದ್ದರೆ ಅಂಗಡಿಯವರು ನಮ್ಮಂಥವರಿಗೆ ಹೇಳುತ್ತಾರೆಯೇ? ಮೂರು ತಿಂಗಳಿಗೊಮ್ಮೆ ದಾಸ್ತಾನು ತಪಾಸಣೆ ನಡೆಯುವಾಗ ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಒಬ್ಬರು ಹಾಜರಿರಲಿ.

ಈ ತಪಾಸಣೆಯ ಹೆಸರಿನಲ್ಲಿ ತಲೆಹೊರೆ ಸೌದೆ ತರುವ ಹೆಂಗಸರನ್ನಾಗಲಿ, ಹಟ್ಟಿಗೆ ಬಾರೆಮುಳ್ಳಿನ ಬೇಲಿ ಕಟ್ಟುವ ಕಾಡುಗೊಲ್ಲರನ್ನಾಗಲಿ, ಹಳೇ ಮರ ತಿದ್ದಿ ಬದುಕುವ ಬಡಗಿಗಳನ್ನಾಗಲಿ ಹಿಡಿದು ಕೇಸು ಹಾಕಬಾರದು. ಬಳ್ಳಾರಿ ಜಾಲಿಯನ್ನು ಯಾರು ಎಷ್ಟು ಕಡಿದರೂ ನಮಗೆ ಸಂತೋಷವೇ.

ಮೂವತ್ತು ದಿನಗಳೊಳಗೆ ಲಿಖಿತ ಉತ್ತರ ಬಯಸುತ್ತೇವೆ. ಅಲ್ಲಿಯವರೆಗೆ, ಪಾಸು ತೋರಿಸದ ಅಂಗಡಿಯಲ್ಲಿ ಒಂದು ರೀಪನ್ನೂ ಕೊಳ್ಳುವುದಿಲ್ಲವೆಂದು ಸಹಿ ಮಾಡಿದವರೆಲ್ಲ ತೀರ್ಮಾನಿಸಿದ್ದೇವೆ. ಉತ್ತರ ಬಾರದಿದ್ದರೆ ಅಂಗಡಿಗಳ ಮುಂದೆ ಶಾಂತಿಯುತವಾಗಿ ಕೂರುತ್ತೇವೆ.

ಲಗತ್ತುಗಳು: ಅಂಗಡಿಯ ಹೆಸರು ಮುಚ್ಚಿದ ಬಿಲ್ಲಿನ ನಕಲು, ಮೇಲೆ ಹೇಳಿದ ಚೌಕಟ್ಟಿನಿಂದ ಕೊಯ್ದ ಗೇಣುದ್ದದ ತುಂಡು ಒಂದು. ಈ ತುಂಡನ್ನು ಬೆಂಗಳೂರಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಗೆ ಕಳಿಸಿ, ಯಾವ ಮರವೆಂದು ನಮಗೆ ಬರೆದು ತಿಳಿಸಬೇಕಾಗಿ ಕೋರುತ್ತೇವೆ. ಚೌಕಟ್ಟು ಇನ್ನೂ ನಿಲ್ಲಿಸಿಲ್ಲ, ಗೋಡೆಗೆ ಒರಗಿಸಿ ಇಟ್ಟಿದ್ದೇವೆ.

ಸ್ಥಳ: ಚಳ್ಳಕೆರೆ
ತಮ್ಮ ವಿಶ್ವಾಸಿಗಳು