ಓದಲಾಗದ ಕಾಗದಕ್ಕೆ ರುಜು ಏಕೆ?

ಕಣ್ಣಿದ್ದವರು ಕನಕಗಿರಿ ನೋಡಬೇಕು ಎನ್ನುವ ನಾಡು ನಮ್ಮದು. ಆ ಕನಕಗಿರಿಯ ಓದುಗರೇ, ಇಂಗ್ಲಿಷ್ ಸಾಲಪತ್ರ ಮುಂದಿಟ್ಟೊಡನೆ ಕಣ್ಣು ಮುಚ್ಚಿ ರುಜು ಹಾಕುವುದೇಕೆ?

ಸಾಲ ಮಾಡಬೇಡಿ ಎಂದು ಬುದ್ಧಿ ಹೇಳುವುದು ನಮ್ಮ ಕೆಲಸವಲ್ಲ. ಮಳೆ ಕೈಕೊಟ್ಟ ಕುಷ್ಟಗಿ, ಯಲಬುರ್ಗಾದ ರೈತನಿಗೆ ಆ ಮಾತು ಹೇಳುವವರು ಮೊದಲು ಬೀಜಕ್ಕೆ ದುಡ್ಡು ಕೊಡಲಿ! ನಮ್ಮ ಪ್ರಶ್ನೆ ಬೇರೆ. ಕಾಗದದಲ್ಲಿ ಏನು ಬರೆದಿದೆ, ಗೊತ್ತೇ?

ಲೆಕ್ಕ ನೋಡಿ. ಹತ್ತು ಸಾವಿರ ಸಾಲ, 'ಬಡ್ಡಿ ಬರೀ ಶೇ. 12'. ತಿಂಗಳಿಗೆ ಸುಮಾರು 933 ರೂಪಾಯಿಯಂತೆ 12 ಕಂತು. ಅಸಲು ಪ್ರತಿ ತಿಂಗಳು ಕರಗುತ್ತದೆ, ಬಡ್ಡಿ ಮಾತ್ರ ವರ್ಷಪೂರ್ತಿ ಇಡೀ ಹತ್ತು ಸಾವಿರದ ಮೇಲೆ! ನಿಜವಾದ ದರ ಶೇ. 21 ದಾಟಿತು. ಶುಲ್ಕ, ವಿಮೆ ಎಂದು ಮೊದಲೇ ಮುರಿದುಕೊಂಡರೆ ಇನ್ನೂ ಮೇಲೆ.

ಈ ಗುಟ್ಟು ಬಯಲಾಗಲೆಂದೇ ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. 2024ರ ಅಕ್ಟೋಬರ್ 1ರಿಂದ ವ್ಯಕ್ತಿಗಳಿಗೆ ಕೊಡುವ ಹೊಸ ಅವಧಿ ಸಾಲಕ್ಕೆ 'ಮುಖ್ಯ ಸಂಗತಿಗಳ ಹೇಳಿಕೆ'ಯನ್ನು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಕೊಡಲೇಬೇಕು. ಕೆಎಫ್‌ಎಸ್ ಎಂದು ಕೇಳಿ, ಅವರಿಗೆ ಚೆನ್ನಾಗಿ ಗೊತ್ತು. ಎಲ್ಲ ಖರ್ಚು ಸೇರಿದ ವಾರ್ಷಿಕ ದರ ಅದರಲ್ಲಿರಬೇಕು. ಅದರಲ್ಲಿಲ್ಲದ ಶುಲ್ಕವನ್ನು ನಿಮ್ಮ ಒಪ್ಪಿಗೆಯಿಲ್ಲದೆ ಹಾಕುವಂತಿಲ್ಲ. ವಾರಕ್ಕೆ ಕಡಿಮೆಯಿಲ್ಲದ ಅವಧಿಯ ಸಾಲವಾದರೆ ಯೋಚಿಸಲು ಕನಿಷ್ಠ 3 ಕೆಲಸದ ದಿನ ಕೊಡಬೇಕು. ಮನೆಗೆ ತನ್ನಿ, ಓದು ಬಲ್ಲ ಮಗಳ ಕೈಗೆ ಕೊಡಿ.

ಸಂಘದ ಕಿರುಸಾಲ ಪಡೆದ ಅಕ್ಕಂದಿರೇ, 2022ರ ನಿಯಮದ ಪ್ರಕಾರ ನಿಮ್ಮ ಸಾಲದ ಕಾರ್ಡೂ ನಿಮಗೆ ತಿಳಿಯುವ ಭಾಷೆಯಲ್ಲೇ ಇರಬೇಕು.

'ಕನ್ನಡದ್ದು ಬಂದಿಲ್ಲ' ಎಂದರೆ ರುಜು ಹಾಕದೆ ಎದ್ದು ಬನ್ನಿ. ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಿರಿ, ಅದನ್ನೂ ಕನ್ನಡದಲ್ಲೇ.