ಅರ್ಧ ಗಂಟೆಗಾಗಿ ಕಾಯುವ ಬಾಗಿಲು

ಮಕ್ಕಳೇ, ಈ ವಾರ ಒಂದು ಒಗಟಿನಿಂದ ಶುರು ಮಾಡೋಣ. ಮನೆಯ ಮುಂದೆ ಹಗಲೂ ರಾತ್ರಿ ನಿಂತಿರುತ್ತದೆ, ಕಾವಲುಗಾರನಲ್ಲ. ಯಾರೂ ಹೇಳದಿದ್ದರೂ ತಾನೇ ಮುಚ್ಚಿಕೊಳ್ಳುತ್ತದೆ, ನಾಚಿಕೆ ಮುಳ್ಳಿನ ಗಿಡವಲ್ಲ. ಅರ್ಧ ಗಂಟೆಯ ಕೆಲಸಕ್ಕಾಗಿ ವರ್ಷಗಟ್ಟಲೆ ಕಾಯುತ್ತದೆ, ಆ ಕೆಲಸ ಬಾರದೇ ಇರಲಿ ಎಂದೇ ಎಲ್ಲರೂ ಹಾರೈಸುತ್ತಾರೆ. ಏನದು?

ಅಜ್ಜ ಅಜ್ಜಿಯರನ್ನು ಕೇಳಿ ನೋಡಿ. ಅವರಿಗೂ ಹೊಳೆಯದಿದ್ದರೆ ಉತ್ತರ ಇಲ್ಲಿದೆ: ಬೆಂಕಿ ತಡೆಯುವ ಬಾಗಿಲು. ಫೈರ್ ಡೋರ್ ಎಂದು ಕರೆಯುತ್ತಾರೆ. ಲಂಡನ್ನಿನ ಎತ್ತರದ ಕಟ್ಟಡಗಳಲ್ಲಿ ಪ್ರತಿ ಫ್ಲ್ಯಾಟಿನ ಮುಂಬಾಗಿಲೂ ಇಂಥದ್ದೇ ಆಗಿರಬೇಕು. ನನ್ನ ಮಗಳ ಮನೆ ಅಲ್ಲೇ ಇರುವುದರಿಂದ ಈ ಬಾಗಿಲಿನ ಪರಿಚಯ ನನಗೆ ಚೆನ್ನಾಗಿ ಆಗಿದೆ.

ನಿಮ್ಮ ಅಡುಗೆಮನೆಯ ಮಸಾಲೆ ಡಬ್ಬಿಯನ್ನು ನೆನಪಿಸಿಕೊಳ್ಳಿ. ಸಾಸಿವೆಗೆ ಒಂದು ಬಟ್ಟಲು, ಜೀರಿಗೆಗೆ ಒಂದು, ಮೆಂತ್ಯಕ್ಕೆ ಒಂದು. ಒಂದರದ್ದು ಇನ್ನೊಂದಕ್ಕೆ ಸೇರುವಂತಿಲ್ಲ. ಅಲ್ಲಿನ ಫ್ಲ್ಯಾಟುಗಳನ್ನೂ ಹಾಗೇ ಕಟ್ಟುತ್ತಾರೆ. ಒಂದು ಮನೆಯಲ್ಲಿ ಬೆಂಕಿ ಹತ್ತಿದರೆ ಅದು ಆ ಮನೆಯೊಳಗೇ ಉಳಿಯಬೇಕು. ನೆರೆಯವರು ಇಳಿದು ಹೋಗಲು, ಅಗ್ನಿಶಾಮಕ ದಳದವರು ಹತ್ತಿ ಬರಲು ಮೆಟ್ಟಿಲ ದಾರಿ ಹೊಗೆಯಿಲ್ಲದೆ ಇರಬೇಕು. ಗೋಡೆಗಳೇನೋ ಗಟ್ಟಿಯಾಗಿರುತ್ತವೆ. ಆದರೆ ಪ್ರತಿ ಗೋಡೆಯಲ್ಲೂ ಒಂದು ದೊಡ್ಡ ತೂತು ಇದ್ದೇ ಇದೆಯಲ್ಲ? ಅದೇ ಬಾಗಿಲು. ಆ ತೂತನ್ನು ಅರ್ಧ ಗಂಟೆ ಕಾಯುವುದು ಈ ಬಾಗಿಲಿನ ಕೆಲಸ.

ಆ ಕೆಲಸ ಆಗದಿದ್ದರೆ ಏನಾಗುತ್ತದೆ ಎಂಬುದನ್ನು ಲಂಡನ್ 2017ರ ಜೂನ್ 14ರ ನಡುರಾತ್ರಿ ಕಂಡಿತು. ಗ್ರೆನ್‌ಫೆಲ್ ಟವರ್ ಎಂಬ 24 ಅಂತಸ್ತಿನ ಕಟ್ಟಡ. ಇಳಿಯಲು ಇದ್ದದ್ದು ಒಂದೇ ಮೆಟ್ಟಿಲ ದಾರಿ. ನಾಲ್ಕನೆಯ ಮಹಡಿಯ ಒಂದು ಅಡುಗೆಮನೆಯಲ್ಲಿ ಹತ್ತಿದ ಬೆಂಕಿ ಹೊರಗೋಡೆಗೆ ಹೊದಿಸಿದ್ದ ಹಲಗೆಗಳನ್ನು ಹಿಡಿದು ಮೇಲಕ್ಕೇರಿತು. ಅಷ್ಟು ಬೇಗ ಹಬ್ಬಲು ಮುಖ್ಯ ಕಾರಣ ಸುಲಭವಾಗಿ ಉರಿಯುವ ಆ ಹಲಗೆಗಳೇ. ಆದರೆ ಅನಂತರ ನಡೆದ ವಿಚಾರಣೆಯಲ್ಲಿ ಇನ್ನೊಂದು ವಿಷಯವೂ ಹೊರಬಂತು. ಹಲವು ಮನೆಗಳ ಬಾಗಿಲುಗಳು ಜನ ಓಡಿ ಹೋದ ಮೇಲೆ ತಾವಾಗಿ ಮುಚ್ಚಿಕೊಳ್ಳಲೇ ಇಲ್ಲ. ಮುಚ್ಚಿಸುವ ಸಾಧನ, ಅಂದರೆ ಡೋರ್ ಕ್ಲೋಸರ್, ಕೆಲವಕ್ಕೆ ಕೆಟ್ಟಿತ್ತು, ಕೆಲವಕ್ಕೆ ಇರಲೇ ಇಲ್ಲ. ತೆರೆದ ಬಾಗಿಲುಗಳಿಂದ ಹೊಗೆ ನಡುವಿನ ಹಜಾರಕ್ಕೆ ನುಗ್ಗಿತು. ಆ ಬೆಂಕಿಯಲ್ಲಿ ತೀರಿಕೊಂಡವರು 72 ಮಂದಿ. ಅವರಲ್ಲಿ ನಿಮ್ಮ ವಯಸ್ಸಿನ ಮಕ್ಕಳೂ ಇದ್ದರು, ನನ್ನ ವಯಸ್ಸಿನವರೂ ಇದ್ದರು.

ಮುಂದೆ ಪೊಲೀಸರು ಆ ಕಟ್ಟಡದಿಂದಲೇ ಹಾನಿಯಾಗದ ಒಂದು ಬಾಗಿಲನ್ನು ತಂದು ಪರೀಕ್ಷೆ ಮಾಡಿಸಿದರು. 30 ನಿಮಿಷ ತಡೆಯಬೇಕಾಗಿದ್ದ ಬಾಗಿಲು ಸುಮಾರು 15 ನಿಮಿಷಕ್ಕೇ ಸೋತಿತು.

ಈಗ ನೀವು ಕೇಳಬಹುದು, ಮರದ ಬಾಗಿಲು ಬೆಂಕಿಯನ್ನು ಹೇಗೆ ತಡೆಯುತ್ತದೆ ಎಂದು. ಗಟ್ಟಿಯಾದ ದಪ್ಪ ಮರ ಒಮ್ಮೆಗೇ ಉರಿದು ಹೋಗುವುದಿಲ್ಲ. ಮೇಲ್ಮೈ ಕಪ್ಪಗೆ ಕರಕಲಾಗಿ, ಆ ಕರಕಲೇ ಒಳಗಿನ ಮರಕ್ಕೆ ಹೊದಿಕೆಯಾಗುತ್ತದೆ. ಬೆಂಕಿಗೆ ಬೇಕಾದದ್ದು ಸಂದು. ಬಾಗಿಲಿಗೂ ಚೌಕಟ್ಟಿಗೂ ನಡುವೆ ಸಂದು ಇಲ್ಲದಿದ್ದರೆ ಬಾಗಿಲು ತೆರೆಯಲಾಗದು, ಇದ್ದರೆ ಬೆಂಕಿ ನುಗ್ಗುತ್ತದೆ. ಅದಕ್ಕೆಂದೇ ಅಂಚಿನಲ್ಲಿ ತೋಡಿ ಒಂದು ತೆಳ್ಳನೆಯ ಪಟ್ಟಿ ಕೂರಿಸಿರುತ್ತಾರೆ. ಕಾದ ಎಣ್ಣೆಗೆ ಬಿದ್ದ ಸಂಡಿಗೆ ಹೇಗೆ ಅರಳುತ್ತದೋ, ಹಾಗೆ ಬಿಸಿ ತಗುಲಿದಾಗ ಈ ಪಟ್ಟಿ ಉಬ್ಬಿ ಸಂದನ್ನು ಮುಚ್ಚಿಬಿಡುತ್ತದೆ. ಅದು ಉಬ್ಬುವಷ್ಟು ಬಿಸಿಯಾಗುವ ಮೊದಲೇ ಬರುವ ಹೊಗೆಯನ್ನು ತಡೆಯಲು ಜೊತೆಗೇ ಬ್ರಷ್‌ನಂಥ ಇನ್ನೊಂದು ಪಟ್ಟಿ. ಮೇಲುಗಡೆ ಡೋರ್ ಕ್ಲೋಸರ್. ಪಕ್ಕದಲ್ಲಿ ಬಿಸಿಗೆ ಕರಗದ ಲೋಹದ ಮೂರು ಹಿಂಜುಗಳು. ಇಷ್ಟೂ ಸೇರಿದರೆ ಅದು ಬೆಂಕಿ ಬಾಗಿಲು. ಬರೀ ಹಲಗೆಯೊಂದೇ ಅಲ್ಲ.

ಮಗಳ ಕಟ್ಟಡದಲ್ಲಿ ಹಳೆಯ ಬಾಗಿಲುಗಳನ್ನೆಲ್ಲ ತೆಗೆದು ಹೊಸದು ಹಾಕುವಾಗ ನಾನೂ ನನ್ನ ಮನೆಯಾಕೆಯೂ ಅಲ್ಲೇ ಇದ್ದೆವು. ಬೆಳಿಗ್ಗೆ ಇಬ್ಬರು ಬಂದರು. ನಮ್ಮ ಕಡೆಯ ಆಚಾರಿಗಳಂತೆ ಬಾಗಿಲು ನಿಲ್ಲಿಸಿ, ಎಲ್ಲಿ ಒತ್ತುತ್ತದೋ ಅಲ್ಲಿ ಉಜ್ಜುಗೊರಡು ಹಾಕಿ ಕೀಸುತ್ತಾರೆ ಎಂದುಕೊಂಡಿದ್ದೆ. ಹಾಗೆ ಮಾಡಲಿಲ್ಲ. ತಯಾರಕರು ಕೊಟ್ಟ ಹಾಳೆಯನ್ನು ಮೊದಲು ಗೋಡೆಗೆ ಅಂಟಿಸಿಕೊಂಡರು. ಎಷ್ಟು ಕೀಸಬಹುದು, ಯಾವ ಸ್ಕ್ರೂ, ಯಾವ ಹಿಂಜು, ಎಲ್ಲವೂ ಅದರಲ್ಲಿತ್ತು. ಗೋಡೆಗೂ ಚೌಕಟ್ಟಿಗೂ ನಡುವಿನ ಜಾಗಕ್ಕೆ ಕಲ್ಲಿನ ಉಣ್ಣೆಯನ್ನು ಬಿಗಿಯಾಗಿ ತುರುಕಿ, ಮೇಲೆ ಬೆಂಕಿ ತಡೆಯುವ ಮೆತ್ತು ಬಳಿದರು. ಬಾಗಿಲಿನ ಸುತ್ತ ಸಂದು ಎಷ್ಟಿದೆ ಎಂದು ಮೂರು ಬದಿಯಲ್ಲೂ ಅಳೆದರು. ಎರಡರಿಂದ ನಾಲ್ಕು ಮಿಲಿಮೀಟರ್ ಒಳಗೆ ಇರಬೇಕಂತೆ. ಒಂದು ಪೌಂಡ್ ನಾಣ್ಯದ ದಪ್ಪ ಸುಮಾರು ಮೂರು ಮಿಲಿಮೀಟರ್. ಅದನ್ನೇ ಸಂದಿನಲ್ಲಿ ಆಡಿಸಿ ಮೊಮ್ಮಗನಿಗೆ ತೋರಿಸಿದರು. ಪ್ರತಿ ಹಂತದಲ್ಲೂ ಫೋಟೊ ತೆಗೆದರು, ಮುಚ್ಚಿ ಹೋಗುವ ಜಾಗಗಳದ್ದು ಮುಚ್ಚುವ ಮೊದಲೇ.

ಅವರು ಹೋದ ಮೇಲೆ ಮೊಮ್ಮಗ ಒಂದು ಪ್ರಶ್ನೆ ಕೇಳಿದ. "ಅಜ್ಜಾ, ಅವರು ಸರಿಯಾಗಿ ಹಾಕಿದ್ದಾರೆ ಅಂತ ನಮಗೆ ಹೇಗೆ ಗೊತ್ತಾಗತ್ತೆ?"

ಎಂಟು ವರ್ಷದ ಹುಡುಗ ಕೇಳಿದ ಈ ಪ್ರಶ್ನೆಯೇ ಇಡೀ ವಿಷಯದ ತಿರುಳು. ಸಾರಿಗೆ ಉಪ್ಪು ಜಾಸ್ತಿಯಾದರೆ ಮೊದಲ ತುತ್ತಿಗೇ ತಿಳಿಯುತ್ತದೆ. ಅಂಗಿಯ ಹೊಲಿಗೆ ಬಿಟ್ಟರೆ ತೊಟ್ಟ ದಿನವೇ ಕಾಣುತ್ತದೆ. ಮಾಮೂಲಿ ಬಾಗಿಲು ಕೆಟ್ಟರೆ ಕಿರುಗುಟ್ಟುತ್ತದೆ. ಆದರೆ ಬೆಂಕಿ ಬಾಗಿಲನ್ನು ತಪ್ಪಾಗಿ ಹಾಕಿದರೂ ಅದು ಚೆಂದಾಗಿ ತೆರೆದು ಮುಚ್ಚುತ್ತಲೇ ಇರುತ್ತದೆ. ತಪ್ಪು ಬಯಲಾಗುವುದು ಬೆಂಕಿ ಬಿದ್ದ ರಾತ್ರಿ. ಆಗ ತಿಳಿದು ಏನು ಪ್ರಯೋಜನ?

ಹಾಗೆಂದು ನಮ್ಮ ಬಾಗಿಲನ್ನೇ ಸುಟ್ಟು ನೋಡಲಾಗುವುದಿಲ್ಲವಲ್ಲ! ಅದಕ್ಕೇ ಅದರ ಜೊತೆಯ ಬಾಗಿಲೊಂದನ್ನು ಪ್ರಯೋಗಾಲಯದ ಕುಲುಮೆಗೆ ಒಡ್ಡುತ್ತಾರೆ. ಅರ್ಧ ಗಂಟೆಯಲ್ಲಿ ಅಲ್ಲಿನ ಬಿಸಿ 800 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಬಾಗಿಲು ತಾಳಿಕೊಂಡರೆ ಇದೂ ತಾಳಿಕೊಂಡೀತು ಎಂಬ ನಂಬಿಕೆ. ಆದರೆ ಒಂದು ಷರತ್ತಿದೆ. ಅಲ್ಲಿ ಹೇಗೆ ಜೋಡಿಸಿದ್ದರೋ ಇಲ್ಲಿಯೂ ಹಾಗೇ ಜೋಡಿಸಿರಬೇಕು. ಹಿಂಜು ಬದಲಾಯಿಸಿದರೆ, ಜಾಸ್ತಿ ಕೀಸಿದರೆ, ಕಾಗದ ಹಾಕುವ ಕಂಡಿಯನ್ನು ಮನಸ್ಸಿಗೆ ಬಂದಲ್ಲಿ ಕೊರೆದರೆ, ಕುಲುಮೆಯಲ್ಲಿ ಪಡೆದ ಪಾಸು ನಮ್ಮ ಬಾಗಿಲಿಗೆ ಸಲ್ಲುವುದಿಲ್ಲ. ಒಳ್ಳೆಯ ಬಾಗಿಲಿಗೆ ಒಳ್ಳೆಯ ಕೈಯೂ ಬೇಕು.

ಕೈ ಒಳ್ಳೆಯದೆಂದು ತೋರಿಸುವುದು ಹೇಗೆ? "ಮೂವತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ" ಎಂದರೆ ಸಾಲದು. ಮೂವತ್ತು ವರ್ಷವೂ ತಪ್ಪಾಗಿಯೇ ಹಾಕಿರಬಹುದು; ಬೆಂಕಿ ಬೀಳದೆ ಯಾರಿಗೂ ತಿಳಿದಿರಲಿಕ್ಕಿಲ್ಲ. ಇಂಗ್ಲೆಂಡಿನಲ್ಲಿ ಈ ಬಾಗಿಲು ಕೂರಿಸಲು ಇಂಥದ್ದೊಂದು ಲೈಸೆನ್ಸ್ ಇರಲೇಬೇಕೆಂಬ ಕಾಯ್ದೆಯಿಲ್ಲ. ಆದರೆ 2023ರ ಅಕ್ಟೋಬರ್ 1ರಿಂದ ಕಟ್ಟಡದ ಕೆಲಸ ಮಾಡುವ ಯಾರಿಗೇ ಆಗಲಿ ಅದಕ್ಕೆ ತಕ್ಕ ಕೌಶಲ, ತಿಳಿವಳಿಕೆ, ಅನುಭವ, ನಡವಳಿಕೆ ಇರಬೇಕೆಂಬ ನಿಯಮ ಬಂದಿದೆ. ಕೊನೆಯ ಮಾತನ್ನು ಗಮನಿಸಿ. ನಡವಳಿಕೆ! ಗೊತ್ತಿಲ್ಲದ ಕೆಲಸವನ್ನು ಗೊತ್ತಿಲ್ಲ ಎನ್ನುವುದೂ ಅದರಲ್ಲಿ ಸೇರಿತು.

ಇದಕ್ಕಾಗಿ ಹೊರಗಿನ ಸಂಸ್ಥೆಗಳು ನಡೆಸುವ ಪ್ರಮಾಣಪತ್ರದ ಯೋಜನೆಗಳಿವೆ. ಬಾಗಿಲು ಮಾರುವವರೂ ಅಲ್ಲದ, ಹಾಕುವವರೂ ಅಲ್ಲದ ಮೂರನೆಯವರು ಬಂದು ತರಬೇತಿ ಆಗಿದೆಯೇ ಎಂದು ನೋಡುತ್ತಾರೆ. ಹಾಕಿ ಮುಗಿಸಿದ ಬಾಗಿಲುಗಳಲ್ಲಿ ಕೆಲವನ್ನು ಆರಿಸಿ ಅಳೆಯುತ್ತಾರೆ. ಒಂದು ಸಲ ಪಾಸಾದರೆ ಮುಗಿಯಲಿಲ್ಲ, ಮತ್ತೆ ಮತ್ತೆ ಬರುತ್ತಾರೆ. ಶಾಲೆಯಲ್ಲಿ ನಿಮ್ಮ ಉತ್ತರಪತ್ರಿಕೆಯನ್ನು ನೀವೇ ತಿದ್ದಿಕೊಳ್ಳುವುದಿಲ್ಲವಲ್ಲ, ಹಾಗೆ. ಮಗಳ ಮನೆಯ ಬಾಗಿಲಿನ ಅಂಚಿನಲ್ಲಿ ಗುಂಡಿಯಷ್ಟು ಚಿಕ್ಕ ಪ್ಲಾಸ್ಟಿಕ್ ಬಿರಡೆಗಳಿವೆ. ಅವುಗಳ ಸಂಖ್ಯೆ ಹಿಡಿದು ಹೋದರೆ ಬಾಗಿಲು ಯಾರು ಮಾಡಿದರು, ಯಾರು ಕೂರಿಸಿದರು ಎಂದು ಪತ್ತೆ ಮಾಡಬಹುದು. ಆ ಫೋಟೊಗಳು, ಅಳತೆ, ತಯಾರಕರ ಹಾಳೆ ಕಟ್ಟಡದ ಕಡತ ಸೇರಿದವು. ದೊಡ್ಡ ಕಟ್ಟಡಗಳ ಇಂಥ ಮಾಹಿತಿಯನ್ನು ಕಟ್ಟಿದ ದಿನದಿಂದ ಕೊನೆಯವರೆಗೂ ಕಡಿಯದಂತೆ ಕಾಯಬೇಕು ಎನ್ನುತ್ತಾರೆ. ಅದಕ್ಕೆ ಅವರಿಟ್ಟ ಹೆಸರು ಬಂಗಾರದ ಎಳೆ.

ಹಾಕಿದ ಮೇಲೆ ಮರೆಯುವಂತೆಯೂ ಇಲ್ಲ. 2023ರ ಜನವರಿಯಿಂದ ಇಂಗ್ಲೆಂಡಿನಲ್ಲಿ 11 ಮೀಟರಿಗಿಂತ ಎತ್ತರದ ವಸತಿ ಕಟ್ಟಡಗಳಲ್ಲಿ ಮೆಟ್ಟಿಲು, ಹಜಾರಗಳ ಬೆಂಕಿ ಬಾಗಿಲುಗಳನ್ನು ಮೂರು ತಿಂಗಳಿಗೊಮ್ಮೆ ನೋಡಬೇಕು. ಮನೆಗಳ ಮುಂಬಾಗಿಲನ್ನು ವರ್ಷಕ್ಕೊಮ್ಮೆಯಾದರೂ ನೋಡಲು ಆದಷ್ಟೂ ಪ್ರಯತ್ನಿಸಬೇಕು.

ಇನ್ನು ನನ್ನ ಓರಗೆಯವರಿಗೆ ಒಂದು ಮಾತು. ಈ ಬಾಗಿಲು ಭಾರ. ಮಂಡಿನೋವಿನ ನನ್ನ ಮನೆಯಾಕೆಗೆ ಎರಡೇ ದಿನಕ್ಕೆ ಸಾಕಾಗಿ, "ಮೇಲಿನ ಆ ಸಾಧನ ಬಿಚ್ಚಿಸಿಬಿಡಿ" ಎಂದಳು. ಮಗಳು ಫೋನ್ ಮಾಡಿದಳು. ಬಾಗಿಲು ಹಾಕಿದವರು ಬಂದು ಕ್ಲೋಸರನ್ನು ಸ್ವಲ್ಪ ಸಡಿಲ ಮಾಡಿದರು. ಎಷ್ಟು ಅಗಲ ತೆರೆದು ಬಿಟ್ಟರೂ ಬಾಗಿಲು ತಾನಾಗಿ ಬಂದು ಚಿಲಕ ಕೂರುತ್ತದೆಯೇ ಎಂದು ನಾಲ್ಕೈದು ಸಲ ನೋಡಿದರು. ಅದಕ್ಕೂ ಆಗದವರಿಗೆ ಅಲಾರಂಗೆ ಜೋಡಿಸುವ ಕ್ಲೋಸರ್‌ಗಳಿವೆ. ದಿನವೂ ಬಾಗಿಲು ಹಗುರವಾಗಿ ಆಡುತ್ತದೆ, ಅಲಾರಂ ಹೊಡೆದರೆ ಮುಚ್ಚಿಕೊಳ್ಳುತ್ತದೆ. ಕಷ್ಟವಾದರೆ ಹೇಳಿ, ದಾರಿ ಇರುತ್ತದೆ. ಬಿಚ್ಚಿಸಬೇಡಿ.

ಇದು ಲಂಡನ್ನಿನ ಮಾತು ಮಾತ್ರ ಎಂದುಕೊಳ್ಳಬೇಡಿ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು, ಕಟ್ಟಡವೆಲ್ಲ ಹೊಗೆ ತುಂಬಿ 9 ಮಂದಿ ತೀರಿಕೊಂಡರು. ಈಗ ನಮ್ಮ ಅಪಾರ್ಟ್‌ಮೆಂಟುಗಳ ಮೆಟ್ಟಿಲ ಬಳಿಯೂ ಫೈರ್ ಡೋರ್‌ಗಳಿವೆ. ಗಾಳಿ ಬರಲಿ ಎಂದು ಅವಕ್ಕೆ ಇಟ್ಟಿಗೆಯೋ ಹೂಕುಂಡವೋ ಒತ್ತಿಟ್ಟು ತೆರೆದೇ ಇಡುವುದನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ. ತೆರೆದಿಟ್ಟ ಬೆಂಕಿ ಬಾಗಿಲು ಎಷ್ಟೇ ದುಬಾರಿಯದಾದರೂ ಬರೀ ತೂತು.

ಈ ವಾರದ ಕೆಲಸ: ನೀವು ಅಪಾರ್ಟ್‌ಮೆಂಟಿನಲ್ಲಿದ್ದರೆ ಅಜ್ಜನನ್ನೋ ಅಜ್ಜಿಯನ್ನೋ ಕೈಹಿಡಿದು ಮೆಟ್ಟಿಲ ಬಾಗಿಲಿನವರೆಗೆ ಹೋಗಿ. ಪೂರ್ತಿ ತೆರೆದು ಬಿಡಿ; ಬೆರಳು ಸಿಕ್ಕಿಸಿಕೊಳ್ಳಬೇಡಿ. ತಾನಾಗಿ ಬಂದು ಮುಚ್ಚಿತೇ? ಅಂಚಿನ ಪಟ್ಟಿ ಕಿತ್ತು ಹೋಗಿದೆಯೇ, ಅದರ ಮೇಲೆ ಬಣ್ಣ ಬಳಿದಿದ್ದಾರೆಯೇ? ಇಟ್ಟಿಗೆ, ಚಪ್ಪಲಿ ಸ್ಟ್ಯಾಂಡು, ಸೈಕಲ್ಲು ಅಡ್ಡ ಇದೆಯೇ? ಒಂದು ಚೀಟಿಯಲ್ಲಿ ಬರೆದು ನಿಮ್ಮ ಸಂಘದವರಿಗೆ ಕೊಡಿ. ಕೊನೆಗೆ ಇನ್ನೊಂದು ಸಾಲು ಸೇರಿಸಿ: "ಈ ಬಾಗಿಲು ಹಾಕಿದವರು ಯಾರು, ಅವರ ಕಾಗದಪತ್ರ ಎಲ್ಲಿದೆ?" ದೊಡ್ಡವರು ತಕ್ಷಣ ಉತ್ತರ ಕೊಡದಿದ್ದರೆ ಬೇಜಾರಾಗಬೇಡಿ. ಮುಂದಿನ ವಾರ ಮತ್ತೆ ಕೇಳಿ.